60 ಸಾಲಿನ ಪ್ರೋಗ್ರಾಮಿಗೆ ಆರು ಚೀಟಿ

ನಾನು ಬರೆದ ಪ್ರೋಗ್ರಾಮ್ 60 ಸಾಲಿನದು. ಅದನ್ನು ಬೇರೆಯವರ ಕಂಪ್ಯೂಟರಿಗೆ ನೆಟ್ಟಗೆ ತಲುಪಿಸಲು ಬರೆದ ಫೈಲುಗಳನ್ನೆಲ್ಲ ಕೂಡಿದರೆ ಅದಕ್ಕಿಂತ ಜಾಸ್ತಿ ಸಾಲುಗಳಾದವು. ಮೊದಲ ಸಲ ಇದೆಲ್ಲ ಸುಮ್ನೆ ತಲೆನೋವು ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಯಾಕೆ ಅಂತ ಹೇಳಲು ಹೊರಟಿದ್ದೇನೆ.

ಶ್ರೀನಿವಾಸಪುರದ ಕಡೆ ಒಂದು ಕಾಲೇಜಿನಲ್ಲಿ ನನ್ನ ಗೆಳೆಯ ಪಾಠ ಮಾಡುತ್ತಾನೆ. ಅವನ ಮಕ್ಕಳಿಗೊಂದು ಪ್ರಾಜೆಕ್ಟು. ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕುವ ಮನೆಗಳಿಂದ ಬಂದವರೇ ಹೆಚ್ಚು, ಹಾಗಾಗಿ ದಿನದ ರೇಟು ಬರೆದು ತರಬೇಕು. ತಂದರು. ಆದರೆ ಕೆಲವರು ಬಾಕ್ಸಿಗೆ 350 ಎಂದು ಟೈಪ್ ಮಾಡಿದ್ದರು, ಕೆಲವರು ೩೫೦ ಎಂದು. ನಮ್ಮ ಕಣ್ಣಿಗೆ ಎರಡೂ ಒಂದೇ ದುಡ್ಡು. ಕಂಪ್ಯೂಟರಿಗೆ ಅವು ಬೇರೆ ಬೇರೆ ಅಕ್ಷರಗಳು, ಕೂಡಿಸಲು ಹೋದರೆ ಲೆಕ್ಕ ಕೆಡುತ್ತದೆ. ಗೆಳೆಯನಿಗೆ ಎಮ್ಯಾಕ್ಸ್ ಅನ್ನುವ ಎಡಿಟರ್ ಅಂದರೆ ಪ್ರಾಣ. ಲ್ಯಾಬಿನಲ್ಲೂ ಅದನ್ನೇ ಕಲಿಸುತ್ತಾನೆ. "ಬರೆದದ್ದನ್ನು ಸೆಲೆಕ್ಟ್ ಮಾಡಿ ಒಂದು ಕೀ ಒತ್ತಿದರೆ ಅಂಕಿ ಎಲ್ಲ ಬದಲಾಗಬೇಕು ಕಣೋ" ಅಂದ. ಅದನ್ನು ಬರೆಯಲು ಒಂದು ಸಂಜೆ ಸಾಕಾಯಿತು.

ಹೆಸರಿಡುವುದಕ್ಕೆ ಮಾತ್ರ ಎರಡು ದಿನ ಹಿಡಿಯಿತು! ಮೊದಲು 'ಅಂಕಿ' ಎಂದಿಟ್ಟೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದೇ ಹೆಸರಿನ ಪ್ರಸಿದ್ಧ ತಂತ್ರಾಂಶ ಆಗಲೇ ಇದೆ. ಪಾಠ ನೆನಪಿಡಲು ಕಾರ್ಡು ತೋರಿಸುತ್ತದಲ್ಲ, ಅದು. ಕೊನೆಗೆ 'ಕನ್ನಂಕಿ' ಆಯಿತು. ಪ್ಯಾಕೇಜ್, ಅಂದರೆ ಪ್ರೋಗ್ರಾಮನ್ನು ಇನ್‌ಸ್ಟಾಲ್ ಮಾಡಲು ಬರುವಂತೆ ಕಟ್ಟಿದ ಗಂಟು. ಅದನ್ನು ಮಾಡುವವರಿಗೆ ಹೆಸರು ದೊಡ್ಡ ವಿಷಯ. ಒಮ್ಮೆ ಜನರ ಕಂಪ್ಯೂಟರಿಗೆ ಹೋದ ಹೆಸರನ್ನು ಬದಲಿಸುವುದು ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಿದಷ್ಟೇ ಸುಲಭ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೈಲು, ಫೀಲ್ಡುಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಮಾಡುವಾಗ ಅವನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.

ಎಮ್ಯಾಕ್ಸ್‌ಗೆ ತನ್ನದೇ ಪ್ಯಾಕೇಜ್ ವ್ಯವಸ್ಥೆ ಇದೆ. 2012ರಲ್ಲಿ ಬಂದ 24ನೇ ಆವೃತ್ತಿಯಿಂದ ಅದು ಒಳಗೇ ಸೇರಿದೆ. ಹಾಗಿದ್ದರೆ ಬೇರೆ ಪ್ಯಾಕೇಜ್ ಯಾಕೆ? ನಿಮ್ಮದೊಂದೇ ಲ್ಯಾಪ್‌ಟಾಪ್ ಆದರೆ ಬೇಡವೇ ಬೇಡ. ಆ ವ್ಯವಸ್ಥೆ ಆಡ್‌ಆನ್‌ಗಳನ್ನು, ಅಂದರೆ ಕನ್ನಂಕಿಯಂಥ ಸೇರ್ಪಡೆಗಳನ್ನು, ತಂದು ನಿಮ್ಮ ಹೋಮ್ ಫೋಲ್ಡರಿನೊಳಗೆ ಇಡುತ್ತದೆ, ಅಷ್ಟೇ. ಗೆಳೆಯನ ಲ್ಯಾಬಿನಲ್ಲಿ 20 ಕಂಪ್ಯೂಟರ್. ಸಂಜೆ ಬಾಗಿಲು ಹಾಕುವಾಗ ಮಕ್ಕಳ ಹೋಮ್ ಫೋಲ್ಡರುಗಳೆಲ್ಲ ಖಾಲಿಯಾಗುತ್ತವೆ. ಬೆಳಗ್ಗೆ ಮತ್ತೆ 20 ಜನ ಒಟ್ಟಿಗೆ ಡೌನ್‌ಲೋಡಿಗೆ ಕೂತರೆ ಅಲ್ಲಿನ ಇಂಟರ್ನೆಟ್ ಕೈಮುಗಿಯುತ್ತದೆ. ಎಲ್ಲ ಬಳಕೆದಾರರಿಗೂ ಒಂದೇ ಸಲ ಸಿಗಬೇಕು, ಕಂಪ್ಯೂಟರಿನ ಉಳಿದ ತಂತ್ರಾಂಶಗಳ ಜೊತೆಗೇ ಅಪ್‌ಡೇಟ್ ಆಗಬೇಕು, ಬೇಡವಾದರೆ ಗುರುತಿಲ್ಲದಂತೆ ಹೋಗಬೇಕು. ಇಷ್ಟು ಬೇಕಾದರೆ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಪ್ಯಾಕೇಜೇ ದಾರಿ. ಲ್ಯಾಬಿನಲ್ಲಿ ಇದ್ದದ್ದು ಡೆಬಿಯನ್. ಕೆಲವು ಯಂತ್ರಗಳಲ್ಲಿ 2023ರ 12ನೇ ಆವೃತ್ತಿ, ಹೊಸದರಲ್ಲಿ 2025ರ 13ನೇ ಆವೃತ್ತಿ. ಈ ಎರಡು ಆವೃತ್ತಿಯ ವಿಷಯ ಮುಂದೆ ಮತ್ತೆ ಬರುತ್ತದೆ.

ಪ್ಯಾಕೇಜ್ ಅಂದರೆ ಏನು ಅಂತ ಒಂದನ್ನು ಬಿಚ್ಚಿ ನೋಡಿದರೆ ಅರ್ಧ ಭಯ ಹೋಗುತ್ತದೆ. ಡೆಬಿಯನ್ ಪ್ಯಾಕೇಜಿಗೆ ಡೆಬ್ ಫೈಲ್ ಅನ್ನುತ್ತಾರೆ. ಅದೊಂದು ಹಳೇ ಕಾಲದ ಗಂಟು. ಒಳಗೆ ಮೂರೇ ಮೂರು ವಸ್ತು. ಮೊದಲನೆಯದರಲ್ಲಿ 2.0 ಎಂದು ಮಾತ್ರ ಬರೆದಿರುತ್ತದೆ. ಗಂಟು ಯಾವ ಬಗೆಯದು ಅನ್ನುವ ಗುರುತು ಅದು. ಎರಡನೆಯದು ಕಂಟ್ರೋಲ್ ಅನ್ನುವ ಸಣ್ಣ ಕಟ್ಟು. ಮೂರನೆಯದು ಡೇಟಾ, ಅಂದರೆ ನಿಜವಾದ ಸರಕು. ಇನ್‌ಸ್ಟಾಲ್ ಮಾಡುವ ಪ್ರೋಗ್ರಾಮ್ ಸರಕನ್ನು ಮುಟ್ಟುವ ಮೊದಲು ಕಂಟ್ರೋಲ್ ಕಟ್ಟನ್ನು ಓದುತ್ತದೆ. ಹೆಸರೇನು, ಎಷ್ಟನೇ ಆವೃತ್ತಿ, ಜೊತೆಗೆ ಏನೇನು ಬೇಕು, ಯಾವುದರ ಜೊತೆ ಜಗಳ. ಒಪ್ಪಿಗೆಯಾದರೆ ಮಾತ್ರ ಸರಕು ಒಳಗೆ.

ನಮ್ಮ ಮಂಡಿ ನೋಡಿದವರಿಗೆ ಇದು ಹೊಸದಲ್ಲ. ಟೆಂಪೋ ಇಳಿದ ಲಾಟಿನ ಮೇಲೆ ರೈತ ಒಂದು ಚೀಟಿ ಇಡುತ್ತಾನೆ. ಹೆಸರು, ಊರು, ಎಷ್ಟು ಬಾಕ್ಸು. ಹರಾಜಾದ ಮೇಲೆ ಅದೇ ಸರಕು ದೂರದ ಊರಿನ ಲಾರಿ ಹತ್ತುವಾಗ ಬೇರೆ ಬಿಲ್ಲು ತಯಾರಾಗುತ್ತದೆ. ಮೊದಲ ಚೀಟಿಯ ವಿವರವೇ ಅದಕ್ಕೆ ಆಧಾರ. ಆದರೆ ತೂಕ, ದರದಂಥ ಹೊಸ ಸಾಲುಗಳು ಸೇರಿರುತ್ತವೆ. ಡೆಬಿಯನ್‌ನಲ್ಲೂ 'ಕಂಟ್ರೋಲ್' ಅನ್ನುವ ಹೆಸರಿನ ಫೈಲ್ ಎರಡಿವೆ, ಹೊಸಬರು ಎಡವುವುದೇ ಇಲ್ಲಿ. ನೀವು ಕೈಯಾರೆ ಬರೆಯುವ ಕಂಟ್ರೋಲ್ ರೈತನ ಚೀಟಿ. ಡೆಬ್ ಒಳಗೆ ಇರುವ ಕಂಟ್ರೋಲ್ ಲಾರಿಯ ಬಿಲ್ಲು. ಎರಡನೆಯದನ್ನು ಯಂತ್ರವೇ ತಯಾರಿಸುತ್ತದೆ, ಅದಕ್ಕೆ ನೀವು ಕೈ ಹಾಕಬಾರದು.

ನೀವು ಬರೆಯುವ ಫೈಲುಗಳೆಲ್ಲ ನಿಮ್ಮ ಪ್ರೋಗ್ರಾಮಿನ ಪಕ್ಕ 'ಡೆಬಿಯನ್' ಅನ್ನುವ ಫೋಲ್ಡರಿನಲ್ಲಿ ಕೂರುತ್ತವೆ. ಕನ್ನಂಕಿಗೆ ಆರು ಬೇಕಾದವು: ಕಂಟ್ರೋಲ್, ಚೇಂಜ್‌ಲಾಗ್, ರೂಲ್ಸ್, ಕಾಪಿರೈಟ್, ಸೋರ್ಸ್ ಫಾರ್ಮ್ಯಾಟ್, ಮತ್ತೆ ಎಮ್ಯಾಕ್ಸ್‌ಗೆಂದೇ ಇರುವ ಎಲ್ಪಾ ಫೈಲ್. ಯಾವುದರಲ್ಲಿ ಏನು ಬರೆಯಬೇಕು ಅಂತ ಬಾಯಿಪಾಠ ಮಾಡಲು ಹೋದರೆ ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಪ್ರತಿ ಫೈಲನ್ನೂ ಯಾರು ಓದುತ್ತಾರೆ ಅಂತ ಕೇಳಿಕೊಂಡರೆ ಮರೆಯುವುದಿಲ್ಲ. ನನಗೆ ಇದು ಹೊಳೆಯಲು ಮೂರು ಸಲ ಸೋಲಬೇಕಾಯಿತು.

ಆರಕ್ಕೂ ಮೊದಲು ಏಳನೆಯದೊಂದಿದೆ, ಅದು ಪ್ರೋಗ್ರಾಮಿನ ಒಳಗೇ ಇದೆ. ಎಮ್ಯಾಕ್ಸ್ ಆಡ್‌ಆನ್ ಫೈಲಿನ ನೆತ್ತಿಯ ಮೇಲಿನ ಸಾಲುಗಳು. ಆಡ್‌ಆನ್ ಬರೆಯುವ ಭಾಷೆಯಾದ ಎಮ್ಯಾಕ್ಸ್ ಲಿಸ್ಪ್‌ನಲ್ಲಿ ಸೆಮಿಕೋಲನ್ ಇಂದ ಶುರುವಾಗುವ ಸಾಲು ಬರೀ ಟಿಪ್ಪಣಿ, ಪ್ರೋಗ್ರಾಮ್ ಅದನ್ನು ನಡೆಸುವುದಿಲ್ಲ. ಆದರೆ ಪ್ಯಾಕೇಜ್ ವ್ಯವಸ್ಥೆ ಆ ಟಿಪ್ಪಣಿಗಳನ್ನೇ ಹುಡುಕಿ ಓದುತ್ತದೆ. ಮೊದಲ ಸಾಲಿನಲ್ಲಿ ಫೈಲಿನ ಹೆಸರು, ಮೂರು ಅಡ್ಡಗೆರೆ, ಒಂದು ಸಾಲಿನ ವಿವರಣೆ. ಕೆಳಗೆ 'ವರ್ಶನ್' ಎಂದು ಆವೃತ್ತಿ. 'ಪ್ಯಾಕೇಜ್-ರಿಕ್ವೈರ್ಸ್' ಎಂದು ಬೇಕಾದ ಲೈಬ್ರರಿಗಳು. ಕನ್ನಂಕಿ ಪಟ್ಟಿಗಳ ಕೆಲಸಕ್ಕೆ 'ಡ್ಯಾಶ್' ಅನ್ನುವ ಲೈಬ್ರರಿ ಬಳಸುತ್ತದೆ, ಅದನ್ನು ಇಲ್ಲಿ ಹೇಳಿದ್ದೇನೆ. ಕೊನೆಯ ಸಾಲಿನಲ್ಲಿ 'ಈ ಫೈಲ್ ಇಲ್ಲಿಗೆ ಮುಗಿಯಿತು' ಅನ್ನುವ ಅರ್ಥದ ಟಿಪ್ಪಣಿ ಬರೆಯುವ ರೂಢಿ ಇದೆ. ಹಳೆಯ ಎಮ್ಯಾಕ್ಸ್‌ಗಳಲ್ಲಿ ಅದು ಇಲ್ಲದಿದ್ದರೆ ಪ್ಯಾಕೇಜ್ ಅಂತಲೇ ಒಪ್ಪುತ್ತಿರಲಿಲ್ಲ. ಟಿಪ್ಪಣಿ ತಾನೇ ಅಂತ ಅಳಿಸಿದವರು ಪಟ್ಟ ಪಾಡು ಕೇಳಬೇಡಿ.

ಈಗ ಕಂಟ್ರೋಲ್. ಇದಕ್ಕೆ ಇಬ್ಬರು ಓದುಗರು, ಅದಕ್ಕೇ ಇದು ಎರಡು ಭಾಗ. ನಡುವೆ ಒಂದು ಖಾಲಿ ಸಾಲು. ಖಾಲಿ ಸಾಲು ಇಲ್ಲಿ ಅಂದಕ್ಕಲ್ಲ, ಅದೇ ಗೋಡೆ. ಒಂದು ಭಾಗದ ಮಧ್ಯೆ ಮರೆತು ಎಂಟರ್ ಹೊಡೆದರೆ ಯಂತ್ರ ಅಲ್ಲಿಂದ ಹೊಸ ಭಾಗ ಶುರು ಅಂದುಕೊಳ್ಳುತ್ತದೆ.

ಮೇಲಿನ ಭಾಗ ಕಟ್ಟುವವರಿಗೆ. 'ಸೋರ್ಸ್' ಎಂದು ಮೂಲದ ಹೆಸರು. ಎಮ್ಯಾಕ್ಸ್ ಆಡ್‌ಆನ್ ಮೂಲಗಳಿಗೆ ಕೊನೆಯಲ್ಲಿ 'ಎಲ್' ಸೇರಿಸುವ ರೂಢಿ, ಹಾಗಾಗಿ ಕನ್ನಂಕಿ-ಎಲ್. 'ಮೇಂಟೇನರ್' ಎಂದು ನೋಡಿಕೊಳ್ಳುವವರ ಹೆಸರು, ಮಿಂಚಂಚೆ. 'ಸ್ಟ್ಯಾಂಡರ್ಡ್ಸ್-ವರ್ಶನ್' ಎಂದು ಡೆಬಿಯನ್ ನಿಯಮಾವಳಿಯ ಯಾವ ಆವೃತ್ತಿ ನೋಡಿ ಮಾಡಿದ್ದೀರಿ ಅನ್ನುವ ಮಾತು. ನಾನು 4.7.2 ಹಾಕಿದ್ದೇನೆ. ಎಲ್ಲಕ್ಕಿಂತ ಮುಖ್ಯ 'ಬಿಲ್ಡ್-ಡಿಪೆಂಡ್ಸ್'. ಪ್ಯಾಕೇಜನ್ನು ಕಟ್ಟುವ ಜಾಗದಲ್ಲಿ ಏನೇನು ಇರಬೇಕು ಅನ್ನುವ ಪಟ್ಟಿ ಇದು. ನನ್ನದರಲ್ಲಿ ಮೊದಲು ಎರಡೇ ಇದ್ದವು. ಒಂದು ಡೆಬ್‌ಹೆಲ್ಪರ್, ಪ್ಯಾಕೇಜ್ ಕಟ್ಟುವ ಮಾಮೂಲಿ ಕೆಲಸಗಳನ್ನು ಮಾಡಿಕೊಡುವ ಸಹಾಯಕ, ಹೊಂದಾಣಿಕೆಯ ಮಟ್ಟ 13. ಇನ್ನೊಂದು ಡಿಎಚ್-ಎಲ್ಪಾ, ಎಮ್ಯಾಕ್ಸ್ ಆಡ್‌ಆನ್ ಕಟ್ಟಲು ಬೇಕಾದ ಸಹಾಯಕ. ಹೊಂದಾಣಿಕೆಯ ಮಟ್ಟ ಬರೆಯಲು ಹಿಂದೆ ಬೇರೆ ಫೈಲೇ ಇತ್ತು. ಹಳೆಯ ಪಾಠಗಳಲ್ಲಿ 'ಕಂಪ್ಯಾಟ್' ಅನ್ನುವ ಫೈಲ್ ಕಂಡರೆ ಅದೇ ಇದು, ಈಗ ಬೇಕಾಗಿಲ್ಲ.

ಕೆಳಗಿನ ಭಾಗ ಇನ್‌ಸ್ಟಾಲ್ ಮಾಡಿಕೊಳ್ಳುವವರಿಗೆ. 'ಪ್ಯಾಕೇಜ್' ಎಂದು ಹೆಸರು, ಇಲ್ಲಿ ರೂಢಿ ಬೇರೆ, ಮುಂದೆ ಎಲ್ಪಾ ಸೇರಿಸಬೇಕು. ಎಲ್ಪಾ-ಕನ್ನಂಕಿ. 'ಆರ್ಕಿಟೆಕ್ಚರ್' ಎಂದು ಯಾವ ಬಗೆಯ ಪ್ರೊಸೆಸರ್ ಅಂತ. ನಮ್ಮದು ಬರೀ ಲಿಸ್ಪ್ ಪಠ್ಯ, ಯಂತ್ರಭಾಷೆ ಅಲ್ಲ, ಹಾಗಾಗಿ 'ಆಲ್', ಎಲ್ಲದಕ್ಕೂ ನಡೆಯುತ್ತದೆ. ಹಳೇ ಪಿಸಿಗೂ ಸರಿ, ಅಂಗೈಯಗಲದ ರಾಸ್ಪ್‌ಬೆರಿ ಪೈಗೂ ಸರಿ.

ಆಮೇಲೆ ಬರುವುದು ನಂಟಿನ ಸಾಲುಗಳು. ಇಲ್ಲಿ ಸ್ವಲ್ಪ ನಿಲ್ಲಬೇಕು. 'ಡಿಪೆಂಡ್ಸ್' ಅಂದರೆ ಇದಿಲ್ಲದೆ ಆಗುವುದೇ ಇಲ್ಲ. 'ರೆಕಮೆಂಡ್ಸ್' ಅಂದರೆ ಸಾಮಾನ್ಯವಾಗಿ ಬೇಕು, ಬೇಡ ಅನ್ನುವವರು ಬಿಡಬಹುದು. 'ಸಜೆಸ್ಟ್ಸ್' ಅಂದರೆ ಇದ್ದರೆ ಒಳ್ಳೆಯದು. 'ಎನ್‌ಹ್ಯಾನ್ಸಸ್' ಅನ್ನುವುದು ಸಜೆಸ್ಟ್ಸ್ ಅನ್ನು ತಿರುಗಿಸಿ ಹಿಡಿದಂತೆ: ನಾನು ಅವರಿಗೆ ಉಪಯೋಗಕ್ಕೆ ಬರುತ್ತೇನೆ ಅಂತ. ಆಡ್‌ಆನ್‌ಗೆ ಹೇಳಿ ಮಾಡಿಸಿದ ಫೀಲ್ಡ್ ಇದು. ಎಮ್ಯಾಕ್ಸ್ ಮಾಡಿದವರಿಗೆ ನನ್ನ ಕನ್ನಂಕಿ ಇದೆ ಅಂತಲೇ ಗೊತ್ತಿಲ್ಲ. ಅವರ ಚೀಟಿಯಲ್ಲಿ ನನ್ನ ಹೆಸರು ಬರೆಸಲು ಆಗುವುದಿಲ್ಲ. ನನ್ನ ಚೀಟಿಯಲ್ಲಿ ಅವರ ಹೆಸರು ಬರೆಯಬಹುದು.

ಎಮ್ಯಾಕ್ಸ್ ಇಲ್ಲದೆ ಕನ್ನಂಕಿಗೆ ಬದುಕೇ ಇಲ್ಲ, ಹಾಗಾದರೆ ಎಮ್ಯಾಕ್ಸ್ ಡಿಪೆಂಡ್ಸ್‌ನಲ್ಲಿ ಇರಬೇಕಲ್ವಾ? ನಾನೂ ಹಾಗೇ ಬರೆದಿದ್ದೆ. ಡೆಬಿಯನ್‌ನ ಎಮ್ಯಾಕ್ಸ್ ತಂಡದ ರೂಢಿ ಬೇರೆ. ಎಮ್ಯಾಕ್ಸ್ ಅನ್ನು ರೆಕಮೆಂಡ್ಸ್ ಮತ್ತು ಎನ್‌ಹ್ಯಾನ್ಸಸ್‌ನಲ್ಲಿ ಹಾಕುತ್ತಾರೆ. ಡೆಬಿಯನ್‌ನಲ್ಲಿ ಎಮ್ಯಾಕ್ಸ್ ಒಂದೇ ರೂಪದಲ್ಲಿ ಬರುವುದಿಲ್ಲ, ಕಿಟಕಿ ಇರುವುದು, ಬರೀ ಟರ್ಮಿನಲ್‌ನಲ್ಲಿ ನಡೆಯುವುದು ಅಂತೆಲ್ಲ ಇವೆ. ತಾವೇ ಕಂಪೈಲ್ ಮಾಡಿಕೊಂಡ ಎಮ್ಯಾಕ್ಸ್ ಬಳಸುವವರೂ ಇದ್ದಾರೆ. ಅಂಥವರ ಮೇಲೆ ಇನ್ನೊಂದು ಎಮ್ಯಾಕ್ಸ್ ಹೇರುವುದು ಸರಿಯಲ್ಲ. ಏನೂ ಬದಲಿಸದೆ ಇದ್ದರೆ ಡೆಬಿಯನ್‌ನಲ್ಲಿ ಪ್ಯಾಕೇಜ್ ತಂದು ಹಾಕುವ ಆಪ್ಟ್ ಅನ್ನುವ ಪ್ರೋಗ್ರಾಮ್ ರೆಕಮೆಂಡ್ಸ್ ಅನ್ನೂ ತಾನಾಗೇ ತರುತ್ತದೆ, ಹಾಗಾಗಿ ಸಾಮಾನ್ಯ ಬಳಕೆದಾರರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಈ ರೂಢಿ ನನಗೆ ಇಷ್ಟವಾಯಿತು. ಊಟಕ್ಕೆ ಕರೆದವರು ತಟ್ಟೆ ತುಂಬ ಸುರಿಯದೆ 'ಇನ್ನೂ ಬೇಕಾ' ಅಂತ ಕೇಳಿದ ಹಾಗೆ.

ಹಾಗಾದರೆ ಡಿಪೆಂಡ್ಸ್‌ನಲ್ಲಿ ಏನು? ಡ್ಯಾಶ್ ಬೇಕಲ್ಲ. ಅದನ್ನು ಕೈಯಲ್ಲಿ ಬರೆಯಬಾರದು. ಡಾಲರ್ ಗುರುತು ಹಾಕಿ, ಪುಷ್ಪಾವರಣದೊಳಗೆ 'ಎಲ್ಪಾ, ಕೋಲನ್, ಡಿಪೆಂಡ್ಸ್' ಎಂದು ಬರೆಯಬೇಕು. ಅದು ಖಾಲಿ ಜಾಗ. ಪ್ಯಾಕೇಜ್ ಕಟ್ಟುವಾಗ ಡಿಎಚ್-ಎಲ್ಪಾ ಪ್ರೋಗ್ರಾಮಿನ ನೆತ್ತಿಯ ಮೇಲಿನ ಟಿಪ್ಪಣಿ ಓದುತ್ತದೆ. ಡ್ಯಾಶ್ ಬೇಕು ಅಂತ ಅಲ್ಲಿ ಇದೆ. ಅದನ್ನು ಎಲ್ಪಾ-ಡ್ಯಾಶ್ ಅನ್ನುವ ಡೆಬಿಯನ್ ಹೆಸರಿಗೆ ತಿರುಗಿಸಿ, ತನ್ನ ಕಡೆಯಿಂದ ಒಂದು ಸಣ್ಣ ಸಹಾಯಕ ಪ್ಯಾಕೇಜನ್ನೂ ಸೇರಿಸಿ, ಆ ಖಾಲಿ ಜಾಗ ತುಂಬುತ್ತದೆ. ಒಂದೇ ಮಾತನ್ನು ಎರಡು ಕಡೆ ಬರೆದರೆ ಒಂದಲ್ಲ ಒಂದು ದಿನ ಎರಡೂ ಬೇರೆ ಬೇರೆ ಹೇಳುತ್ತವೆ. ಈ ಖಾಲಿ ಜಾಗಗಳು ಇರುವುದೇ ಅದನ್ನು ತಪ್ಪಿಸಲು.

ಕಂಟ್ರೋಲ್‌ನ ಕೊನೆಗೆ 'ಡಿಸ್ಕ್ರಿಪ್ಶನ್'. ಇದನ್ನು ಓದುವುದು ಮನುಷ್ಯರು. ಮೊದಲ ಸಾಲು 80 ಅಕ್ಷರದೊಳಗೆ ಇರಬೇಕು, ಹುಡುಕಿದಾಗ ಪಟ್ಟಿಯಲ್ಲಿ ಕಾಣುವುದು ಅದೊಂದೇ. ಮುಂದಿನ ಸಾಲುಗಳೆಲ್ಲ ಒಂದು ಸ್ಪೇಸ್ ಬಿಟ್ಟು ಶುರುವಾಗಬೇಕು. ನಡುವೆ ಖಾಲಿ ಸಾಲು ಬೇಕಾದರೆ ಖಾಲಿ ಬಿಡುವಂತಿಲ್ಲ, ಗೋಡೆಯ ವಿಷಯ ನೆನಪಿದೆಯಲ್ಲ. ಒಂದು ಸ್ಪೇಸ್, ಒಂದು ಚುಕ್ಕಿ. ಚುಕ್ಕಿ ಇಟ್ಟರೆ 'ಇಲ್ಲಿ ಖಾಲಿ ಅಂದುಕೋ' ಅಂತ ಅರ್ಥ.

ಇಷ್ಟೆಲ್ಲ ಬರೆದ ಕಂಟ್ರೋಲ್‌ನಲ್ಲಿ ಒಂದು ವಿಷಯ ಇಲ್ಲವೇ ಇಲ್ಲ, ಗಮನಿಸಿದಿರಾ? ಆವೃತ್ತಿ. ನಾನು ಅದನ್ನು ಬರೆಯಲು ಜಾಗ ಹುಡುಕಿ ಹುಡುಕಿ ಸುಸ್ತಾದೆ. ಅದು ಬರುವುದು ಚೇಂಜ್‌ಲಾಗ್‌ನಿಂದ.

ಚೇಂಜ್‌ಲಾಗ್ ಹೆಸರು ಕೇಳಿದರೆ ಡೈರಿ ಇದ್ದ ಹಾಗಿದೆ, ಏನಾದರೂ ಗೀಚಬಹುದು ಅನ್ನಿಸುತ್ತದೆ. ಆರರಲ್ಲಿ ಇಷ್ಟು ಶಿಸ್ತಿನ ಫೈಲ್ ಇನ್ನೊಂದಿಲ್ಲ. ಮೊದಲ ಸಾಲಿನಲ್ಲಿ ಮೂಲದ ಹೆಸರು, ಆವೃತ್ತಿ, ಯಾವ ಡೆಬಿಯನ್‌ಗೆ, ಎಷ್ಟು ಅವಸರ. ಕೆಳಗೆ ಬದಲಾವಣೆಗಳು, ಎರಡು ಸ್ಪೇಸ್ ಬಿಟ್ಟು ಒಂದು ನಕ್ಷತ್ರ. ಕೊನೆಯ ಸಾಲು ಸಹಿ: ಒಂದು ಸ್ಪೇಸ್, ಎರಡು ಅಡ್ಡಗೆರೆ, ಇನ್ನೊಂದು ಸ್ಪೇಸ್, ಹೆಸರು, ಮಿಂಚಂಚೆ, ಆಮೇಲೆ ಎರಡು ಸ್ಪೇಸ್, ಆಮೇಲೆ ವಾರದಿಂದ ಹಿಡಿದು ಸೆಕೆಂಡಿನವರೆಗೆ ಸಮಯ. ಕೊನೆಗೆ ನಮ್ಮ ದೇಶದ ಸಮಯವಾದರೆ ಪ್ಲಸ್ 0530. ಸಮಯದ ಮುಂದೆ ಎರಡು ಸ್ಪೇಸ್ ಬದಲು ಒಂದೇ ಇದ್ದರೆ ಯಂತ್ರ ತಕರಾರು ಎತ್ತುತ್ತದೆ. ಕೈಯಲ್ಲಿ ಬರೆಯುವ ಹಟ ಬೇಡ. ಡಿಸಿಎಚ್ ಅನ್ನುವ ಪುಟ್ಟ ಪ್ರೋಗ್ರಾಮ್ ಇದೆ, ಸ್ಪೇಸ್ ಎಣಿಸುವ ಕೆಲಸ ಅದಕ್ಕೆ ಬಿಡಿ.

ಆವೃತ್ತಿಯಲ್ಲಿ ಎರಡು ತುಂಡು. 0.1-1 ಅಂದರೆ ಕನ್ನಂಕಿಯ 0.1ನೇ ಆವೃತ್ತಿ, ಅದರ ಮೊದಲ ಡೆಬಿಯನ್ ಪ್ಯಾಕೇಜ್. ಪ್ರೋಗ್ರಾಮ್ ಹಾಗೇ ಇದ್ದು ಕಂಟ್ರೋಲ್‌ನಲ್ಲಿ ಮಾತ್ರ ತಿದ್ದಿದರೆ 0.1-2. ಯಾವುದು ಹೊಸದು ಅಂತ ಲೆಕ್ಕ ಹಾಕುವ ಬಗೆಯೂ ಚೆನ್ನಾಗಿದೆ. 0.10 ಮತ್ತು 0.9ರಲ್ಲಿ ದೊಡ್ಡದು 0.10, ಯಾಕೆಂದರೆ ಅದು ದಶಾಂಶ ಅಲ್ಲ, ಚುಕ್ಕಿಯ ಆಚೆಯ 10 ಮತ್ತು 9. ಅಲೆಗೆರೆ (~) ಹಾಕಿದರೆ ಹಿಂದಕ್ಕೆ ಹೋಗುತ್ತದೆ. 0.2 ಬರೆದ ಮೇಲೆ ಅಲೆಗೆರೆ ಹಾಕಿ 'ಬೀಟಾ' ಎಂದರೆ ಅದು 0.2ಕ್ಕಿಂತ ಹಳೆಯದು. ಪರೀಕ್ಷೆಗೆ ಬಿಟ್ಟ ಪ್ಯಾಕೇಜನ್ನು ನಿಜವಾದ 0.2 ಬಂದ ದಿನ ತಾನಾಗೇ ಸರಿಸಲು ಇದು ಬೇಕು.

ರೂಲ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದುವುದು ಮೇಕ್ ಅನ್ನುವ ಹಳೇ ಪ್ರೋಗ್ರಾಮ್. ನಿಜಕ್ಕೂ ಬೇಕಾದ ಸಾಲು ಮೂರು. ಏನೇ ಕೇಳಿದರೂ ಡೆಬ್‌ಹೆಲ್ಪರಿಗೆ ಒಪ್ಪಿಸು, ಜೊತೆಗೆ ಎಲ್ಪಾ ಇರಲಿ, ಅಷ್ಟೇ ಅದರ ಅರ್ಥ. ಕೊನೆಯ ಸಾಲು ಸ್ಪೇಸ್‌ನಿಂದಲ್ಲ, ಟ್ಯಾಬ್‌ನಿಂದ ಶುರುವಾಗಬೇಕು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಟ್ಯಾಬ್ ಇರಬೇಕಾದ ಜಾಗದಲ್ಲಿ ಎಂಟು ಸ್ಪೇಸ್ ಹಾಕಿ ಅರ್ಧ ರಾತ್ರಿ ಕಳೆದವರಲ್ಲಿ ನಾನೂ ಒಬ್ಬ. ಸೋರ್ಸ್ ಫಾರ್ಮ್ಯಾಟ್ ಇನ್ನೂ ಚಿಕ್ಕದು, ಒಂದೇ ಸಾಲು: 3.0, ಆವರಣದಲ್ಲಿ ಕ್ವಿಲ್ಟ್. ಮೂಲ ಪ್ರೋಗ್ರಾಮ್ ಒಂದು ಕಟ್ಟು, ನಮ್ಮ ಡೆಬಿಯನ್ ಫೋಲ್ಡರ್ ಇನ್ನೊಂದು ಕಟ್ಟು, ತಿದ್ದುಪಡಿಗಳು ಬೇರೆ ಬೇರೆ ಪ್ಯಾಚ್‌ಗಳಾಗಿ ಇರುತ್ತವೆ ಅಂತ.

ಎಲ್ಪಾ ಫೈಲೂ ಚಿಕ್ಕದೇ. ಅದರ ಹೆಸರು ಎಲ್ಪಾ-ಕನ್ನಂಕಿ, ಚುಕ್ಕಿ, ಎಲ್ಪಾ. ಒಳಗಿರುವುದು ನನ್ನ ಲಿಸ್ಪ್ ಫೈಲಿನ ಹೆಸರು, ಒಂದೇ ಸಾಲು. ಆದರೆ ಆ ಒಂದು ಸಾಲಿನ ಹಿಂದೆ ಆಗುವ ಕೆಲಸ ಇಡೀ ಪ್ಯಾಕೇಜಿನ ಜೀವ. ಎಮ್ಯಾಕ್ಸ್ ಲಿಸ್ಪ್ ಅನ್ನು ಹಾಗೇ ನಡೆಸಬಹುದು, ಇಲ್ಲವೇ ಬೈಟ್-ಕೋಡ್ ಅನ್ನುವ ಸಿದ್ಧರೂಪಕ್ಕೆ ತಿರುಗಿಸಿ ಬೇಗ ನಡೆಸಬಹುದು. ಬೈಟ್-ಕೋಡ್ ಮಾಡಿಯೇ ಪ್ಯಾಕೇಜಿನಲ್ಲಿ ಇಟ್ಟರೆ ಆಯಿತಲ್ಲ? ಇಲ್ಲಿ ಬಂತು ನೋಡಿ ಲ್ಯಾಬಿನ ಎರಡು ಆವೃತ್ತಿಯ ವಿಷಯ. ಡೆಬಿಯನ್ 12ರಲ್ಲಿ ಇರುವುದು ಎಮ್ಯಾಕ್ಸ್ 28.2. ಡೆಬಿಯನ್ 13ರಲ್ಲಿ 30.1. ಹೊಸ ಎಮ್ಯಾಕ್ಸ್ ಮಾಡಿದ ಬೈಟ್-ಕೋಡ್ ಹಳೆಯದರಲ್ಲಿ ಸರಿಯಾಗಿ ನಡೆಯುತ್ತದೆ ಅನ್ನುವ ಭರವಸೆ ಇಲ್ಲ.

ಅದಕ್ಕೆ ಡೆಬಿಯನ್ ಮಾಡಿರುವ ಉಪಾಯ ಇದು. ಪ್ಯಾಕೇಜಿನೊಳಗೆ ಹೋಗುವುದು ಬರೀ ಮೂಲ ಪಠ್ಯ. ಅದು ಎಮ್ಯಾಕ್ಸ್‌ನ ಸಾರ್ವಜನಿಕ ಫೋಲ್ಡರಿನ ಒಳಗೆ ಎಲ್ಪಾ-ಸೋರ್ಸ್ ಅನ್ನುವ ಜಾಗಕ್ಕೆ ಇಳಿಯುತ್ತದೆ. ಇನ್‌ಸ್ಟಾಲ್ ಮುಗಿಯುವ ಹೊತ್ತಿಗೆ ಆ ಕಂಪ್ಯೂಟರಿನಲ್ಲಿ ಯಾವ ಎಮ್ಯಾಕ್ಸ್ ಇದೆಯೋ ಅದೇ ಕೂತು ಬೈಟ್-ಕೋಡ್ ಮಾಡಿ, ಪಕ್ಕದ ಎಲ್ಪಾ ಫೋಲ್ಡರಿಗೆ ಹಾಕುತ್ತದೆ. ಪ್ಯಾಕೇಜ್ ತೆಗೆದರೆ ಅದನ್ನೂ ಗುಡಿಸುತ್ತದೆ. ಹಾಗಾಗಿ ಒಂದೇ ಡೆಬ್ ಫೈಲ್ 28.2 ಇರುವ ಯಂತ್ರಕ್ಕೂ ಆಯಿತು, 30.1 ಇರುವ ಯಂತ್ರಕ್ಕೂ ಆಯಿತು. ಹಿಟ್ಟು ರುಬ್ಬಿ ಕಳಿಸಿದರೆ ದಾರಿಯಲ್ಲಿ ಹುಳಿ ಬರುತ್ತದೆ ಅಂತ ಅಕ್ಕಿ ಬೇಳೆಯನ್ನೇ ಕಳಿಸಿದ ಹಾಗೆ. ಈ ಇನ್‌ಸ್ಟಾಲ್ ಸ್ಕ್ರಿಪ್ಟುಗಳನ್ನು ನೀವು ಬರೆಯಬೇಕಾಗಿಲ್ಲ. ಎಲ್ಪಾ ಫೈಲಿನ ಆ ಒಂದು ಸಾಲು ನೋಡಿ ಡಿಎಚ್-ಎಲ್ಪಾ ಬರೆದುಕೊಡುತ್ತದೆ. ಪ್ರೋಗ್ರಾಮಿನಲ್ಲಿ ನೀವು ಆಟೋಲೋಡ್ ಗುರುತು ಹಾಕಿದ ಆಜ್ಞೆಗಳನ್ನೂ ಗುಡ್ಡೆ ಮಾಡುತ್ತದೆ. ಅದರಿಂದಲೇ ಮಕ್ಕಳು ಎಮ್ಯಾಕ್ಸ್ ತೆರೆದ ತಕ್ಷಣ ಕನ್ನಂಕಿಯ ಆಜ್ಞೆ ಸಿಗುವುದು, ಸೆಟ್ಟಿಂಗ್ಸ್ ಮುಟ್ಟಬೇಕಿಲ್ಲ.

ಕಾಪಿರೈಟ್ ಫೈಲನ್ನು ಎಲ್ಲರೂ ಕೊನೆಗೆ ಬರೆಯುತ್ತಾರೆ, ಕಾಟಾಚಾರಕ್ಕೆ. ಡೆಬಿಯನ್‌ನವರು ಮೊದಲು ನೋಡುವುದೇ ಇದನ್ನು. ಯಾವ ಫೈಲ್ ಯಾರದು, ಯಾವ ಲೈಸೆನ್ಸ್, ಇದನ್ನು ಭಾಗ ಭಾಗವಾಗಿ ಬರೆಯಬೇಕು. ಕನ್ನಂಕಿ ನನ್ನದು. ಆದರೆ ಡೆಬಿಯನ್ ಫೋಲ್ಡರಿನಲ್ಲಿ ಗೆಳೆಯನೂ ಕೈಯಾಡಿಸಿದ್ದ, ಅದಕ್ಕೆ ಬೇರೆ ಭಾಗ. ಲೈಸೆನ್ಸ್ ಜಿಪಿಎಲ್ ಮೂರನೇ ಆವೃತ್ತಿ. ಅದರ ಪೂರ್ತಿ ಪಠ್ಯ ಪ್ರತಿ ಡೆಬಿಯನ್ ಯಂತ್ರದಲ್ಲೂ ಮೊದಲೇ ಇರುತ್ತದೆ, ಹಾಗಾಗಿ ಎಲ್ಲಿದೆ ಅಂತ ತೋರಿಸಿದರೆ ಸಾಕು. ಎಂಐಟಿ ಲೈಸೆನ್ಸ್ ಆದರೆ ಹಾಗಲ್ಲ, ಚಿಕ್ಕದಾದರೂ ಪೂರ್ತಿ ಬರೆಯಬೇಕು. ಈ ವಿಚಿತ್ರ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಎಂಐಟಿ ಹೆಸರಿನಲ್ಲಿ ಓಡಾಡುವ ಪಠ್ಯಗಳು ಒಂದೇ ಥರ ಇಲ್ಲ, ಪ್ರತಿಯೊಂದರಲ್ಲೂ ಮೇಲೆ ಮಾಲೀಕರ ಹೆಸರು ಬೇರೆ. ಹಾಗಾಗಿ ಒಂದೇ ಪ್ರತಿ ಎಲ್ಲರಿಗೂ ಒಗ್ಗುವುದಿಲ್ಲ.

ಆರು ಚೀಟಿ ಬರೆದಾಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಕಟ್ಟಿದೆ, ಡೆಬ್ ಬಂತು. ಖುಷಿಯಿಂದ ಗೆಳೆಯನಿಗೆ ಫೋನ್ ಮಾಡಿದೆ. ಅವನು ಬುದ್ಧಿವಂತ. "ಖಾಲಿ ಕೋಣೆಯಲ್ಲಿ ಕಟ್ಟಿ ನೋಡಿದೆಯಾ?" ಅಂದ.

ಖಾಲಿ ಕೋಣೆ ಅಂದರೆ ಎಸ್‌ಬಿಲ್ಡ್. ಬರೀ ಡೆಬಿಯನ್‌ನ ತಳಪಾಯ ಮಾತ್ರ ಇರುವ ಒಂದು ತಾತ್ಕಾಲಿಕ ಜಾಗ ಮಾಡಿ, ಬಿಲ್ಡ್-ಡಿಪೆಂಡ್ಸ್‌ನಲ್ಲಿ ಬರೆದದ್ದನ್ನು ಮಾತ್ರ ತಂದಿಟ್ಟು, ಅಲ್ಲಿ ಪ್ಯಾಕೇಜ್ ಕಟ್ಟುತ್ತದೆ. ಕಟ್ಟಿದೆ. ಬಿದ್ದುಹೋಯಿತು. ಕನ್ನಂಕಿಗೆ ನಾನು ನಾಲ್ಕು ಸಣ್ಣ ಟೆಸ್ಟುಗಳನ್ನು ಬರೆದಿದ್ದೆ, ೩೫೦ ಕೊಟ್ಟರೆ 350 ಬರುತ್ತದಾ ಅನ್ನುವಂಥವು. ಡಿಎಚ್-ಎಲ್ಪಾ ಪ್ಯಾಕೇಜ್ ಕಟ್ಟುವಾಗಲೇ ಆ ಟೆಸ್ಟುಗಳನ್ನು ಓಡಿಸುತ್ತದೆ. ಟೆಸ್ಟು ಓಡಬೇಕಾದರೆ ಕನ್ನಂಕಿ ಲೋಡ್ ಆಗಬೇಕು, ಕನ್ನಂಕಿ ಲೋಡ್ ಆಗಬೇಕಾದರೆ ಡ್ಯಾಶ್ ಬೇಕು. ಖಾಲಿ ಕೋಣೆಯಲ್ಲಿ ಡ್ಯಾಶ್ ಇಲ್ಲ. ಡಿಪೆಂಡ್ಸ್‌ನ ಖಾಲಿ ಜಾಗ ತಾನಾಗೇ ತುಂಬುತ್ತದೆ ಅಂತ ನಾನು ಬೀಗುತ್ತಿದ್ದೆನಲ್ಲ, ಅದು ಕೆಳಗಿನ ಭಾಗಕ್ಕೆ ಮಾತ್ರ. ಮೇಲಿನ ಭಾಗದ ಬಿಲ್ಡ್-ಡಿಪೆಂಡ್ಸ್ ಅನ್ನು ಯಾರೂ ತುಂಬಿಕೊಡುವುದಿಲ್ಲ. ಅಲ್ಲಿ ಎಲ್ಪಾ-ಡ್ಯಾಶ್ ಎಂದು ನಾನೇ ಬರೆಯಬೇಕಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಡ್ಯಾಶ್ ಯಾವತ್ತೋ ಬಂದು ಕೂತಿತ್ತು, ಅದಕ್ಕೇ ಅಲ್ಲಿ ತಪ್ಪು ಗೊತ್ತಾಗಲಿಲ್ಲ. ಕಟ್ಟುವಾಗ ಇಂಟರ್ನೆಟ್‌ನಿಂದ ತರಿಸಿಕೊಳ್ಳುವ ದಾರಿಯೂ ಮುಚ್ಚಿದೆ. ಡೆಬಿಯನ್ ನಿಯಮದ ಪ್ರಕಾರ ಆ ಹೊತ್ತಿನಲ್ಲಿ ನೆಟ್‌ವರ್ಕ್ ಮುಟ್ಟಬಾರದು.

ಎರಡನೆಯ ತಪ್ಪು ಲ್ಯಾಬಿಗೆ ಹಾಕಿದ ಮೇಲೆ ಸಿಕ್ಕಿತು. ಸೊನ್ನೆಯ ವಿಷಯದಲ್ಲಿ ಒಂದು ಸಣ್ಣ ದೋಷ ತಿದ್ದಿ, ಚೇಂಜ್‌ಲಾಗ್‌ನಲ್ಲಿ 0.2-1 ಎಂದು ಬರೆದು ಕಳಿಸಿದೆ. ಡೆಬಿಯನ್ ಕೇಳಿದರೆ 0.2 ಅನ್ನುತ್ತದೆ, ಎಮ್ಯಾಕ್ಸ್‌ನ ಪಟ್ಟಿ ತೆರೆದರೆ 0.1 ಅನ್ನುತ್ತದೆ. ಪ್ರೋಗ್ರಾಮಿನ ನೆತ್ತಿಯ ಟಿಪ್ಪಣಿಯಲ್ಲಿ ವರ್ಶನ್ ಬದಲಿಸಲು ಮರೆತಿದ್ದೆ. ಎಮ್ಯಾಕ್ಸ್ ನನ್ನ ಚೇಂಜ್‌ಲಾಗ್ ಓದುವುದಿಲ್ಲ, ಡೆಬಿಯನ್ ನನ್ನ ಟಿಪ್ಪಣಿ ನಂಬುವುದಿಲ್ಲ. ಮಕ್ಕಳಲ್ಲೊಬ್ಬಳು "ಸಾರ್, ಹಳೇದೇ ಹಾಕಿದ್ದೀರಾ?" ಅಂತ ಗೆಳೆಯನನ್ನು ಕೇಳಿದಳಂತೆ. ಅವನು ನನ್ನ ಮೇಲೆ ಹಾಕಿ ತಪ್ಪಿಸಿಕೊಂಡ.

ಚೀಟಿಗಳಲ್ಲಿನ ಕೆಲವು ತಪ್ಪುಗಳನ್ನು ಹಿಡಿಯಲು ಲಿಂಟಿಯನ್ ಅನ್ನುವ ಪ್ರೋಗ್ರಾಮ್ ಇದೆ. ಹೆಡ್‌ಮಾಸ್ಟರ್ ಥರ ಕೆಂಪು ಪೆನ್ನು ಹಿಡಿದು ಕೂರುತ್ತದೆ. 'ಇ' ಎಂದು ಬಂದರೆ ತಪ್ಪು, ತಿದ್ದಲೇಬೇಕು. 'ಡಬ್ಲ್ಯೂ' ಅಂದರೆ ಎಚ್ಚರಿಕೆ. ಎಲ್ಲ ಎಚ್ಚರಿಕೆಗೂ ಕುಣಿಯಬೇಕಾಗಿಲ್ಲ, ಆದರೆ ಯಾಕೆ ಹೇಳಿತು ಅಂತ ಒಂದು ಸಲ ಓದಿ.

ಬೇರೆ ಎಡಿಟರುಗಳಲ್ಲಿ ಹೇಗೆ ಅಂತ ಕೇಳುವವರಿಗೆ ಎರಡು ಮಾತು. 2016ರಲ್ಲಿ ಬಂದ ವಿಮ್ 8ರಿಂದ ಚೀಟಿಯ ಕೆಲಸವನ್ನು ಫೋಲ್ಡರುಗಳೇ ಮಾಡುತ್ತವೆ. ಆಡ್‌ಆನ್ ಅನ್ನು 'ಸ್ಟಾರ್ಟ್' ಫೋಲ್ಡರಿನಲ್ಲಿ ಇಟ್ಟರೆ ತಾನಾಗೇ ಲೋಡ್ ಆಗುತ್ತದೆ, 'ಆಪ್ಟ್' (opt, ಡೆಬಿಯನ್‌ನ ಆಪ್ಟ್ ಅಲ್ಲ) ಫೋಲ್ಡರಿನಲ್ಲಿ ಇಟ್ಟರೆ ಕರೆದಾಗ ಬರುತ್ತದೆ. ವಿಎಸ್ ಕೋಡ್‌ನಲ್ಲಿ ಪ್ಯಾಕೇಜ್ ಜೇಸನ್ ಅನ್ನುವ ಒಂದೇ ಫೈಲ್. ಹೆಸರು, ಪ್ರಕಾಶಕರು, ಆವೃತ್ತಿ, ಯಾವ ವಿಎಸ್ ಕೋಡ್ ಬೇಕು, ಯಾವ ಆಜ್ಞೆಗಳನ್ನು ಸೇರಿಸುತ್ತೇನೆ, ಎಲ್ಲ ಅದರಲ್ಲೇ. ಬರೆಯುವುದು ಸುಲಭ, ನಿಜ. ಅಲ್ಲಿ ಓದುಗರು ಕಡಿಮೆ, ಅದಕ್ಕೇ ಒಂದು ಚೀಟಿ ಸಾಕು.

ಲ್ಯಾಬಿಗೆ ಹಾಕುವ ದಿನದ ಒಂದು ವಿವರ ಬಿಟ್ಟಿದ್ದೆ. ಡೆಬ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ಡಿಪ್ಯಾಕೇಜ್ (dpkg) ಅನ್ನುವ ಇನ್‌ಸ್ಟಾಲ್ ಪ್ರೋಗ್ರಾಮ್ ಬಳಸಬೇಡಿ, ಆಪ್ಟ್ ಬಳಸಿ. ಡಿಪ್ಯಾಕೇಜ್ ಚೀಟಿ ಓದಿ 'ಡ್ಯಾಶ್ ಇಲ್ಲ' ಅಂತ ದೂರು ಹೇಳಿ ಕೈಕಟ್ಟಿ ಕೂರುತ್ತದೆ. ಆಪ್ಟ್ ಅದನ್ನು ತಾನೇ ಹೋಗಿ ತರುತ್ತದೆ. ಫೈಲಿನ ಹೆಸರಿಗಿಂತ ಮೊದಲು ಚುಕ್ಕಿ ಮತ್ತು ಓರೆಗೆರೆ (./) ಹಾಕಿ, ಇಲ್ಲದಿದ್ದರೆ ಆಪ್ಟ್ ಅದು ಪ್ಯಾಕೇಜಿನ ಹೆಸರು ಅಂದುಕೊಂಡು ತನ್ನ ಪಟ್ಟಿಯಲ್ಲಿ ಹುಡುಕಲು ಹೋಗುತ್ತದೆ. 20 ಯಂತ್ರಕ್ಕೂ ಹಾಕಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಹತ್ತು ನಿಮಿಷ ಅದರಲ್ಲಿ ಕರೆಂಟ್ ಹೋಗಿತ್ತು.

ಈಗ 0.3 ತಯಾರಾಗುತ್ತಿದೆ. ರೂಪಾಯಿ ಗುರುತಿನ ಪಕ್ಕದ ಅಂಕಿಗೆ ನಮ್ಮ ಪದ್ಧತಿಯಂತೆ ಲಕ್ಷ, ಸಾವಿರಕ್ಕೆ ಅಲ್ಪವಿರಾಮ ಹಾಕಬೇಕಂತೆ, ಗೆಳೆಯನ ಹೊಸ ಬೇಡಿಕೆ. ಅದಕ್ಕೆ ಪ್ರೋಗ್ರಾಮಿನಲ್ಲಿ 12 ಸಾಲು ಸೇರಿತು. ಚೀಟಿಗಳಲ್ಲಿ ಬದಲಾದದ್ದು ಚೇಂಜ್‌ಲಾಗ್ ಒಂದೇ. ನೆತ್ತಿಯ ಟಿಪ್ಪಣಿಯಲ್ಲಿ ವರ್ಶನ್ 0.3 ಎಂದು ಬರೆದಿದ್ದೇನೆ, ಈ ಸಲ ಮೊದಲೇ.